ಕಸಿ ಕಟ್ಟಿದ ಉಸಿರು

ಕಸಿ ಅಂದ್ರೆ ನಮ್ಮೂರಲ್ಲಿ ಮಾವಿನ ಗಿಡಕ್ಕೆ ಕಟ್ಟೋದು. ನಾಟಿ ಸಸಿಯ ಕಾಂಡ ಸೀಳಿ, ಒಳ್ಳೆ ಜಾತಿಯ ಕುಡಿ ಕೂರಿಸಿ, ಸೇರಿದ ಜಾಗ ಬಿಗಿಯಾಗಿ ಸುತ್ತಿ ಕಟ್ಟುತ್ತಾರೆ. ಆಮೇಲೆ ಎಲ್ಲವೂ ಆ ಗಾಯ ಕೂಡಿಕೊಳ್ಳುವುದರ ಮೇಲೆ ನಿಂತಿರುತ್ತೆ. ಶ್ವಾಸಕೋಶ ಕಸಿಯ ಚರಿತ್ರೆ ಓದಿದರೆ ಅಲ್ಲೂ ಇಪ್ಪತ್ತು ವರ್ಷ ಕಾಡಿದ್ದು ಇಂಥದೇ ಒಂದು ಗಾಯ.

1963ರ ಜೂನ್ 11ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಊರಿನಲ್ಲಿ ಜೇಮ್ಸ್ ಹಾರ್ಡಿ ಎಂಬ ಸರ್ಜನ್ ಮೊದಲ ಸಲ ಮನುಷ್ಯನಿಗೆ ಇನ್ನೊಬ್ಬರ ಶ್ವಾಸಕೋಶ ಜೋಡಿಸಿದರು. ರೋಗಿ ಕೊಲೆ ಕೇಸಿನ ಕೈದಿ, ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್. ಹೊಸ ಶ್ವಾಸಕೋಶ ಕೆಲಸ ಮಾಡಿತು. ಆದರೆ ಕಿಡ್ನಿ ಕೈಕೊಟ್ಟು ಆತ 18ನೇ ದಿನ ತೀರಿಕೊಂಡ. ಮುಂದಿನ ಹದಿನೈದು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 40 ಪ್ರಯತ್ನಗಳು ನಡೆದವು. ವರ್ಷ ದಾಟಿದವರು ಒಬ್ಬರೂ ಇಲ್ಲ.

ತೊಡಕು ಇದ್ದದ್ದು ಶ್ವಾಸನಾಳದ ಹೊಲಿಗೆಯಲ್ಲಿ. ಆ ತುದಿಗೆ ರಕ್ತ ಸರಿಯಾಗಿ ಸಿಗುತ್ತಿರಲಿಲ್ಲ. ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲಿ ಅಂತ ಕೊಡುತ್ತಿದ್ದ ಸ್ಟೆರಾಯ್ಡ್ ಗಾಯ ಮಾಯದಂತೆ ತಡೆಯುತ್ತಿತ್ತು. ಟೊರಾಂಟೋದ ಜೋಯಲ್ ಕೂಪರ್ ತಂಡ ಇದನ್ನು ಹಿಡಿಯಿತು. ಸೈಕ್ಲೋಸ್ಪೋರಿನ್ ಎಂಬ ಹೊಸ ಔಷಧಿ ಬಂದಮೇಲೆ ಶುರುವಿನಲ್ಲಿ ಸ್ಟೆರಾಯ್ಡ್ ದೂರವಿಡಲು ಸಾಧ್ಯವಾಯಿತು. 1983ರಲ್ಲಿ ಕೂಪರ್ ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನು ಮೇಲೆಳೆದು ಹೊಲಿಗೆಗೆ ಸುತ್ತಿದರು, ಥೇಟ್ ಮಾವಿನ ಕಸಿಯ ಹಾಗೆ. ಆ ರೋಗಿ ಆರು ವರ್ಷಕ್ಕೂ ಹೆಚ್ಚು ಬದುಕಿದರು.

ಆಮೇಲೆ ಕಸಿ ಮಾಡಿಸಿಕೊಂಡವರಲ್ಲಿ ಹೆಚ್ಚಿನವರದು ವರ್ಷಗಟ್ಟಲೆ ನಿಧಾನವಾಗಿ ಕೆಟ್ಟ ಶ್ವಾಸಕೋಶ. ಯೋಚಿಸಲು, ಸರದಿಯಲ್ಲಿ ಕಾಯಲು ಸಮಯ ಇರುತ್ತಿತ್ತು. ಕೋವಿಡ್ ಆ ಸಮಯವನ್ನೇ ಕಿತ್ತುಕೊಂಡಿತು. ಗಟ್ಟಿಮುಟ್ಟಾಗಿದ್ದವರ ಶ್ವಾಸಕೋಶ ಕೆಲವೇ ವಾರಗಳಲ್ಲಿ ಕಲ್ಲಾಗುತ್ತಿತ್ತು. ಕಸಿಗೆ ಬೇಕಾದ ಔಷಧಿಗಳು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತವೆ. ವೈರಸ್ ಉಳಿದಿದ್ದರೆ ಹೊಸ ಶ್ವಾಸಕೋಶಕ್ಕೂ ಅಪಾಯ. 2020ರ ಫೆಬ್ರವರಿ 29ರಂದು ಚೀನಾದ ವೂಷಿಯಲ್ಲಿ ಚೆನ್ ಜಿಂಗ್‌ಯು ತಂಡ ಈ ಕೆಲಸಕ್ಕೆ ಕೈಹಾಕಿತು. ಜೂನ್‌ನಲ್ಲಿ ಶಿಕಾಗೋದಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ ಓದಿದ ಅಂಕಿತ್ ಭರತ್, ಇಪ್ಪತ್ತರ ಹರೆಯದ ಯುವತಿಗೆ ಎರಡೂ ಶ್ವಾಸಕೋಶ ಬದಲಿಸಿದರು. ಆಕೆ ಅಷ್ಟರಲ್ಲಿ ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದಳು. ರಕ್ತಕ್ಕೆ ಆಮ್ಲಜನಕ ಬೆರೆಸುವ ಎಕ್ಮೋ ಯಂತ್ರವನ್ನೂ ಹಾಕಿದ್ದರು. ಪರೀಕ್ಷೆ ನೆಗೆಟಿವ್ ಬರುವವರೆಗೂ ಕಾಯಬೇಕಾಯಿತು. ಪ್ರಜ್ಞೆಯಲ್ಲಿಲ್ಲದ ಆಕೆಯ ಪರವಾಗಿ ಒಪ್ಪಿಗೆ ಕೊಟ್ಟದ್ದು ಮನೆಯವರು. ಅದೇ ವರ್ಷ ಚೆನ್ನೈ, ಹೈದರಾಬಾದಿನಲ್ಲೂ ಇಂಥ ಕಸಿಗಳು ನಡೆದವು.

ಈಗ ಕಷ್ಟದ ಪ್ರಶ್ನೆ ಬೇರೆ: ಹಳೆಯ ಶ್ವಾಸಕೋಶ ಮುಗಿಯಿತು ಅಂತ ಯಾವ ದಿನ ಹೇಳೋದು? ತಿಂಗಳುಗಟ್ಟಲೆ ಎಕ್ಮೋ ಮೇಲಿದ್ದು, ಸ್ವಂತ ಶ್ವಾಸಕೋಶದಲ್ಲೇ ಉಸಿರಾಡುತ್ತಾ ಮನೆಗೆ ಹೋದವರೂ ಇದ್ದಾರೆ. ಕಾಯುತ್ತಾ ಸೋಂಕು ತಗುಲಿ, ಬೇರೆ ಅಂಗಗಳು ಸೋತು ಹೋದವರೂ ಇದ್ದಾರೆ. ನಮ್ಮ ಸಾಫ್ಟ್‌ವೇರಿನಲ್ಲಿ ಹೊಸದು ಕೆಲಸ ಮಾಡದಿದ್ದರೆ ರಾತ್ರಿಯೇ ಹಳೆಯದನ್ನು ವಾಪಸ್ ಹಾಕ್ತೀವಿ. ಇಲ್ಲಿ ಕತ್ತರಿಸಿ ತೆಗೆದದ್ದು ವಾಪಸ್ ಬರೋದಿಲ್ಲ. ಕಸಿಯಾದವರಿಗೆ ಜೀವನಪೂರ್ತಿ ಮಾತ್ರೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆರೇಳು ವರ್ಷ ದಾಟುವುದಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿ ಐಸಿಯು ಬಾಗಿಲಲ್ಲಿ ಸಹಿ ಹಾಕುವವರು ಅಮ್ಮನೋ, ಅಣ್ಣನೋ, ಹೆಂಡತಿಯೋ. ಹೊಲಿಗೆ ನಿಲ್ಲಿಸುವ ವಿದ್ಯೆಯನ್ನು ಸರ್ಜನ್‌ಗಳು ಇಪ್ಪತ್ತು ವರ್ಷದಲ್ಲಿ ಕಲಿತರು. ಈ ಸಹಿಯನ್ನು ಮಾತ್ರ ಪ್ರತಿ ಮನೆಯವರೂ ಮೊದಲ ಸಲವೇ ಹಾಕಬೇಕು.