ರೋಗ ಬಂದ ದಾರಿಯಲ್ಲೇ ಚಿಕಿತ್ಸೆ

ಹೋದ ವರ್ಷ ನಮ್ಮ ಶಾಲೆಯ ಬಾಲಕನೊಬ್ಬನ ತಾಯಿ ಕಾಲು ಮುರಿದು ಮೂರು ವಾರ ಹಾಸಿಗೆ ಹಿಡಿದಿದ್ದರು. ಒಂದು ಮುಂಜಾನೆ ಅವರಿಗೆ ಏದುಸಿರು ಬಂದಿತು. ಆಯಾಸವಿರಬೇಕೆಂದು ಮನೆಯವರು ಬಗೆದರು. ನೋಡಹೋಗಿದ್ದ ನಾವೂ ಹಾಗೆಯೇ ಬಗೆದೆವು. ಸಂಜೆಯೊಳಗೆ ಅವರು ತೀರಿಕೊಂಡರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಏರಿತ್ತೆಂದು ವೈದ್ಯರು ಹೇಳಿದ ಮೇಲೆ, ಈ ರೋಗದ ಚರಿತ್ರೆಯನ್ನು ಅರಸಿ ಓದಿದೆವು.

ಕಾಲಿನ ಅಭಿಧಮನಿಯಲ್ಲಿ ಹುಟ್ಟಿದ ಹೆಪ್ಪು ಕಳಚಿಕೊಂಡು, ಹೃದಯದ ಬಲಭಾಗವನ್ನು ದಾಟಿ, ಶ್ವಾಸಕೋಶದ ಧಮನಿಯಲ್ಲಿ ಸಿಕ್ಕಿಕೊಳ್ಳುವುದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ವಿರ್ಕೋ ತೋರಿಸಿಕೊಟ್ಟನು. 1908ರಲ್ಲಿ ಟ್ರೆಂಡೆಲೆನ್‌ಬರ್ಗನು ಎದೆಯನ್ನು ತೆರೆದು ಹೆಪ್ಪನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಆದರೆ ಆ ಶಸ್ತ್ರಕ್ರಿಯೆಯಿಂದ ರೋಗಿಯೊಬ್ಬರು ಬದುಕಿ ಉಳಿದದ್ದು 1924ರಲ್ಲಿ, ಕಿರ್ಶ್ನರನ ಕೈಯಲ್ಲಿ.

ಎದೆಯನ್ನು ಸೀಳದೆ ಒಳಹೊಗುವ ದಾರಿ ಇರಲಿಲ್ಲವೆ? ಇತ್ತು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ತರುಣ ವೈದ್ಯ ಫೋರ್ಸ್‌ಮನ್ನನು, ಮೇಲಧಿಕಾರಿ ಬೇಡವೆಂದರೂ ಕೇಳದೆ, ತನ್ನ ಮೊಳಕೈಯ ಅಭಿಧಮನಿಯಲ್ಲಿ ತೆಳುವಾದ ನಳಿಕೆಯೊಂದನ್ನು 65 ಸೆಂಟಿಮೀಟರಿನಷ್ಟು ತೂರಿಸಿಕೊಂಡನು. ಕ್ಷ-ಕಿರಣದ ಕೊಠಡಿಗೆ ತಾನೇ ನಡೆದುಹೋಗಿ, ಅದರ ತುದಿ ಹೃದಯದಲ್ಲಿರುವುದನ್ನು ಚಿತ್ರದಲ್ಲಿ ತೋರಿಸಿದನು. ದೊರೆತ ಬಹುಮಾನ ತಿರಸ್ಕಾರ. ನೊಬೆಲ್ ಪಾರಿತೋಷಕ ಬಂದದ್ದು 1956ರಲ್ಲಿ.

ಆ ನಳಿಕೆಯ ಬೆಲೆಯನ್ನು ಬೇಗನೆ ಅರಿತವರಲ್ಲಿ, ಆಗ ಗೋವೆಯನ್ನು ಆಳುತ್ತಿದ್ದ ಪೋರ್ತುಗಲ್ಲಿನವರೂ ಇದ್ದರು. 1931ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಮತ್ತು ಸಂಗಡಿಗರು ಅದರ ಮೂಲಕ ಔಷಧದ್ರವವನ್ನು ಹಾಯಿಸಿ, ಬದುಕಿರುವ ಮನುಷ್ಯನ ಶ್ವಾಸಕೋಶದ ರಕ್ತನಾಳಗಳನ್ನು ಕ್ಷ-ಕಿರಣದ ಚಿತ್ರದಲ್ಲಿ ಕಂಡರು.

ನೋಡುವ ನಳಿಕೆ ತೆಗೆಯುವ ನಳಿಕೆಯಾಗಲು ಇನ್ನೂ ಕಾಲ ಹಿಡಿಯಿತು. 1969ರಲ್ಲಿ ಅಮೆರಿಕದ ಗ್ರೀನ್‌ಫೀಲ್ಡನು, ತುದಿಯಲ್ಲಿ ಬಟ್ಟಲುಳ್ಳ ನಳಿಕೆಯಿಂದ ಹೆಪ್ಪನ್ನು ಹೀರಿ ಹೊರಗೆಳೆಯುವ ಕ್ರಮವನ್ನು ಪ್ರಕಟಿಸಿದನು. ಇಂದು ತೊಡೆಸಂದಿನ ಅಭಿಧಮನಿಯಿಂದ ನಳಿಕೆಯನ್ನು ಮೇಲೇರಿಸುತ್ತಾರೆ. ಹೆಪ್ಪನ್ನು ಹೀರುತ್ತಾರೆ, ಇಲ್ಲವೆ ಕರಗಿಸುವ ಮದ್ದನ್ನು ಅದರ ಬಳಿಯಲ್ಲೇ ಹನಿಸುತ್ತಾರೆ. ರೋಗ ಬಂದ ದಾರಿಯಲ್ಲೇ ಚಿಕಿತ್ಸೆಯೂ ಸಾಗುತ್ತದೆ. ಎಲ್ಲರಿಗೂ ಇದು ಬೇಕಿಲ್ಲ. ಬಹುಮಂದಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದೇ ಸಾಕು.

ಆದರೆ ಯಾವ ಮದ್ದಾದರೂ ಹೊತ್ತಿಗೆ ಸಿಕ್ಕಬೇಕು. ಬಹುದಿನ ಮಲಗಿದ್ದವರಲ್ಲಿ, ವಾಸ್ಕೋದಿಂದ ವಿಜಯಪುರದವರೆಗೆ ಇರುಳಿಡೀ ಬಸ್ಸಿನಲ್ಲಿ ಕದಲದೆ ಕುಳಿತು ಬಂದವರಲ್ಲಿ, ಒಂದು ಕಾಲು ಊದಿಕೊಂಡರೆ, ಥಟ್ಟನೆ ಏದುಸಿರು ಬಂದರೆ, ಆಯಾಸವೆಂದು ಸುಮ್ಮನಿರಬಾರದು. ಕೂಡಲೇ 108ಕ್ಕೆ ಕರೆಮಾಡಬೇಕು. ಇಷ್ಟನ್ನು ನಮ್ಮ ಮಕ್ಕಳು ತಂತಮ್ಮ ಮನೆಗಳಲ್ಲಿ ಹೇಳಲಿ. ಅಂದು ನಮಗೆ ಇದು ತಿಳಿದಿರಲಿಲ್ಲ.