ಕಥೆ ನಿಲ್ಲಿಸಿದ್ದು ಯಾರು?

ಹೋದ ವರ್ಷ ಅಟ್ಟದ ಮೇಲಿದ್ದ ಹಳೆ ಕ್ಯಾಸೆಟ್ಟುಗಳನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಎಂಪಿ3 ಮಾಡಿಸಿಕೊಂಡು ಬಂದೆ. ನಮ್ಮೂರು ಮೆಟ್ರಿಯ ಗುಡಿ ಮುಂದೆ ಯಾವತ್ತೋ ರಾತ್ರಿ ಹೇಳಿಸಿದ್ದ ಕುಮಾರರಾಮನ ಕಥೆ ಅದರಲ್ಲಿತ್ತು. ಅಂಗಡಿಯವರು ಐದೈದು ನಿಮಿಷಕ್ಕೊಂದು ತುಂಡು ಮಾಡಿ ಕೊಟ್ಟಿದ್ದರು. ಮೊಬೈಲಿಗೆ ಹಾಕಿ ಅವ್ವಗೆ ಕೇಳಿಸಿದೆ. ಸ್ವಲ್ಪ ಹೊತ್ತಿಗೆ ಅವ್ವ, "ಯಾಕಪ್ಪಾ, ಆಕಿ ಇಷ್ಟು ಸಲ ಯಾಕ ಸುಮ್ಮನಾಗತಾಳ? ಅವತ್ತು ಹಿಂಗ ನಿಲ್ಲಿಸಿದ್ದಿಲ್ಲ" ಅಂದಳು.

ನಿಜ, ನಿಲ್ಲಿಸಿದ್ದು ಆಕೆಯಲ್ಲ. ಹಾಡನ್ನು ತುಂಬಿಡುವ ಡಬ್ಬಿ. ಈ ಡಬ್ಬಿಯ ಜಗಳ ಇವತ್ತಿನದೇನೂ ಅಲ್ಲ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಹಾಡುವ ರಾಗವನ್ನು ಗಾಯಕರು ಅಷ್ಟರಲ್ಲೇ ಮುಗಿಸುವುದನ್ನು ಕಲಿತರು. ಆದರೆ ನಮ್ಮ ಕಡೆಯ ಕಥೆ ಹೇಳುವವರು ಏನು ಮಾಡಬೇಕು? ಮೆಟ್ರಿಗೆ ದೂರವಲ್ಲದ ದರೋಜಿಯ ಬುರ್ರಕಥಾ ಈರಮ್ಮನವರನ್ನೇ ನೋಡಿ. ಅಕ್ಷರ ಕಲಿಯದ ಅವರ ನೆನಪಿನಲ್ಲಿ ಹನ್ನೆರಡು ಕಾವ್ಯಗಳಿದ್ದವು. ಒಟ್ಟು ಸುಮಾರು 2 ಲಕ್ಷ ಪದ. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಇಂಥವರ ಕಥೆಗೆ ಮೂರು ನಿಮಿಷ ಎಲ್ಲಿ ಸಾಕು!

1948ರ ಎಲ್‌ಪಿ ತಟ್ಟೆ ಒಂದು ಮುಖಕ್ಕೆ ಇಪ್ಪತ್ತು ನಿಮಿಷದ ಮೇಲೆ ಕೊಟ್ಟಿತು. 1963ರಲ್ಲಿ ಬಂದ ಕ್ಯಾಸೆಟ್ಟು ಮುಂದೆ 45 ನಿಮಿಷಕ್ಕೆ ಏರಿತು. ಕ್ಯಾಸೆಟ್ಟಿನಲ್ಲಿ ಕಥೆ ತುಂಡಾಗುತ್ತಿದ್ದದ್ದು ತಿರುಗಿಸಿ ಹಾಕುವಾಗ ಒಂದೇ ಸಲ. ಆಮೇಲೆ ಸಿಡಿ ಬಂತು. ಮನೆಯಲ್ಲಿ ಟ್ರ್ಯಾಕಿಗೊಂದರಂತೆ ಸಿಡಿ ಬರೆದರೆ ನಡುವೆ ಎರಡು ಸೆಕೆಂಡಿನ ಮೌನ ತಾನಾಗಿ ಸೇರುತ್ತಿತ್ತು.

ಎಂಪಿ3 ಕತೆ ಇನ್ನೂ ಮಜಾ. ಅದು ದನಿಯನ್ನು ಸೇರಿನಲ್ಲಿ ಕಾಳು ಅಳೆದಂತೆ ಅಳೆಯುತ್ತದೆ. ಒಂದು ಸೆಕೆಂಡಿನ ದನಿಯಲ್ಲಿ 44,100 ಕಾಳು ಅಂದುಕೊಳ್ಳಿ, ಒಂದು ಸೇರಿಗೆ 1,152. ಕೊನೆಯ ಸೇರು ತುಂಬದಿದ್ದರೆ ಉಳಿದ ಜಾಗಕ್ಕೆ ಮೌನ ಸುರಿಯುತ್ತದೆ. ಶುರುವಿನಲ್ಲೂ ಚೂರು ಮೌನ ಸೇರಿರುತ್ತದೆ. ಅದರ ಮೇಲೆ ಪ್ಲೇಯರು ಒಂದು ಫೈಲು ಮುಚ್ಚಿ ಇನ್ನೊಂದು ತೆರೆಯುವ ಹೊತ್ತು ಬೇರೆ. ಬಿಡಿ ಹಾಡಿಗೆ ಇದು ಗೊತ್ತೇ ಆಗಲ್ಲ. ತಾಳ ನಿಲ್ಲದೆ ಸಾಗುವ ಕಥೆಯಲ್ಲಿ ಮಾತ್ರ ಕಾಲು ಎಡವಿದಂತಾಗುತ್ತದೆ.

ಇದಕ್ಕೆ ಮದ್ದೂ ಇದೆ. ಲೇಮ್ ಎಂಬ ಎಂಪಿ3 ತಂತ್ರಾಂಶ, ಎಷ್ಟು ಮೌನ ಸೇರಿಸಿದ್ದೇನೆ ಎಂಬ ಲೆಕ್ಕವನ್ನು ಫೈಲಿನಲ್ಲೇ ಬರೆದಿಡುತ್ತದೆ. ಅದನ್ನು ಓದಬಲ್ಲ ಪ್ಲೇಯರು ಅಷ್ಟನ್ನೇ ಕತ್ತರಿಸಿ ಎರಡು ತುದಿ ಜೋಡಿಸುತ್ತದೆ. 2006ರ ಸೆಪ್ಟೆಂಬರಿನಲ್ಲಿ ಐಟ್ಯೂನ್ಸ್, ಐಪಾಡುಗಳಿಗೂ ಹೀಗೆ ಬಿಡುವಿಲ್ಲದೆ ನುಡಿಸುವುದು ಬಂತು. ಫ್ಲ್ಯಾಕ್ ಫೈಲಿನಲ್ಲಂತೂ ದನಿಯ ಉದ್ದ ಸರಿಯಾಗಿ ದಾಖಲಾಗಿರುತ್ತದೆ.

ನಾನು ಈ ದಾರಿ ಬಿಟ್ಟು ಸುಲಭದ್ದಕ್ಕೆ ಕೈ ಹಾಕಿದೆ. ಫೈಲುಗಳನ್ನು ಕೂಡಿಸಿ, ಆಡಾಸಿಟಿಯಲ್ಲಿ ಮೌನ ಕಂಡಲ್ಲೆಲ್ಲ ಕತ್ತರಿಸುವ ಸವಲತ್ತು ಒತ್ತಿಬಿಟ್ಟೆ. ಮತ್ತೆ ಅವ್ವನ ಮುಂದಿಟ್ಟೆ. ಮಲತಾಯಿ ರತ್ನಾಜಿ ಕುಮಾರರಾಮನನ್ನು ಮೋಹಿಸುವ ಜಾಗ ಬಂತು. "ಅಯ್ಯ, ಇಲ್ಲಿ ಆಕಿ ನಿಲ್ಲತಿದ್ದಳಲ್ಲೋ! ಗುಡಿ ಮುಂದ ಕುಂತ ಮಂದಿಯೆಲ್ಲಾ ಉಸಿರು ಹಿಡಕೊಂಡಿದ್ದರು" ಅಂದಳು ಅವ್ವ. ಯಂತ್ರಕ್ಕೆ ಯಾವ ಮೌನ ಡಬ್ಬಿಯದು, ಯಾವುದು ಕಥೆಗಾರ್ತಿಯದು ಅಂತ ಹೇಗೆ ಗೊತ್ತಾಗಬೇಕು? ಎರಡೂ ಸದ್ದಿಲ್ಲದವೇ.

ಪುಣ್ಯಕ್ಕೆ ಕ್ಯಾಸೆಟ್ಟುಗಳನ್ನು ಎಸೆದಿರಲಿಲ್ಲ. ಮತ್ತೆ ಮೊದಲಿಂದ ಒಂದು ಮುಖಕ್ಕೆ ಒಂದೇ ಫೈಲು ಮಾಡಿದೆ, ಏನನ್ನೂ ಕತ್ತರಿಸಲಿಲ್ಲ. ಹಳೇ ದನಿ ಉಳಿಸಿಕೊಳ್ಳುವವರಿಗೆ ಇದನ್ನೇ ಹೇಳುತ್ತೇನೆ: ಮೊದಲು ಇಡಿಯಾಗಿ ತೆಗೆದಿಡಿ, ತುಂಡು ಮಾಡುವ ಆಸೆ ಆಮೇಲೆ. ಮೂಲ ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ.

ಈಗ ಕಥೆ ನಿಲ್ಲುವುದು 45 ನಿಮಿಷಕ್ಕೊಮ್ಮೆ. ಆ ಹೊತ್ತಿಗೆ ಅವ್ವ ಎದ್ದು ಚಾ ಕಾಸಿಕೊಂಡು ಬರುತ್ತಾಳೆ.