ಟೈಮಿಂಗ್ ಬೆಲ್ಟೋ, ಚೈನೋ? ಹಳೇ ಕಾರು ಕೊಳ್ಳೋ ಮೊದಲು ತಿಳ್ಕೊಳ್ಳಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಟೈರ್, ಬ್ಯಾಟರಿ, ಇನ್ಶೂರೆನ್ಸ್ ಎಲ್ಲ ವಿಚಾರಿಸುತ್ತಾರೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಕೇಳೋರು ಕಡಿಮೆ. ಗಾಡಿ ಓಡುವಾಗ ಅದು ತುಂಡಾದರೆ ಇಂಜಿನ್ನೇ ಬಿಚ್ಚಿಸಬೇಕಾಗುತ್ತದೆ.

ಇದರ ಕೆಲಸ ಏನು?
ಪಿಸ್ಟನ್‌ಗಳು ಕೆಳಗಿನ ಕ್ರ್ಯಾಂಕ್ ಶಾಫ್ಟ್ ತಿರುಗಿಸುತ್ತವೆ. ಮೇಲಿನ ಕ್ಯಾಮ್ ಶಾಫ್ಟ್ ವಾಲ್ವ್ ತೆರೆಯುತ್ತದೆ. ಕ್ರ್ಯಾಂಕ್ 2 ಸುತ್ತು ತಿರುಗಿದರೆ ಕ್ಯಾಮ್ 1 ಸುತ್ತು. ಈ ಲೆಕ್ಕ ತಪ್ಪದಂತೆ ಎರಡನ್ನೂ ಜೋಡಿಸೋದೇ ಬೆಲ್ಟ್ ಅಥವಾ ಚೈನ್. ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತೆ, ಪಿಸ್ಟನ್ ಮಾತ್ರ ತಕ್ಷಣ ನಿಲ್ಲಲ್ಲ. ತೆರೆದ ವಾಲ್ವ್‌ಗೆ ಹೋಗಿ ಹೊಡೆಯುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಇವೆರಡರ ನಡುವೆ ಜಾಗ ತೀರಾ ಕಮ್ಮಿ, ಹಾಗಾಗಿ ವಾಲ್ವ್ ಬಗ್ಗುವ ಅಪಾಯ ಹೆಚ್ಚು.

ವ್ಯತ್ಯಾಸ ಏನು?
ಬೆಲ್ಟ್: ಹಲ್ಲುಗಳಿರುವ ರಬ್ಬರ್ ಪಟ್ಟಿ. ಸದ್ದು ಕಡಿಮೆ. ಗಾಡಿ ಓಡದೆ ನಿಂತಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಹೆಚ್ಚಿನ ಸಲ ಸೂಚನೆ ಕೊಡದೇ ತುಂಡಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲು ಬರುತ್ತೋ ಆಗ ಬದಲಿಸಬೇಕು.
ಚೈನ್: ಉಕ್ಕಿನದು, ಇಂಜಿನ್ ಆಯಿಲ್‌ನಲ್ಲಿ ಓಡುತ್ತದೆ. ಸಾಮಾನ್ಯವಾಗಿ ಬಾಳಿಕೆ ಜಾಸ್ತಿ. ಆದರೆ ಆಯಿಲ್ ಬದಲಿಸದೆ ಎಳೆದರೆ ಸವೆದು ಸಡಿಲವಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೇಳುವ ಕಟಕಟ ಸದ್ದು ಅದರ ಸೂಚನೆ ಇರಬಹುದು.

ಯಾವ ಕಾರಿಗೆ ಯಾವುದು?
ಬೆಲ್ಟ್: ಹಳೇ ಇನ್ನೋವಾ 2.5 ಡೀಸೆಲ್, ಡಸ್ಟರ್ 1.5 ಡೀಸೆಲ್, ಆಲ್ಟೋ 800.
ಚೈನ್: ಇನ್ನೋವಾ ಕ್ರಿಸ್ಟಾ 2.4 ಡೀಸೆಲ್, ಸ್ವಿಫ್ಟ್ 1.3 ಡೀಸೆಲ್, ಆಲ್ಟೋ ಕೆ10.
ಹೆಸರು ಒಂದೇ ಆದರೂ ಇಂಜಿನ್ ಬೇರೆ ಇರುತ್ತೆ. ಮಾಡೆಲ್, ವರ್ಷ ಹೇಳಿ ಖಚಿತ ಮಾಡ್ಕೊಳ್ಳಿ.

ಕೊಳ್ಳುವಾಗ ಗಮನಿಸಿ
* ‘ಬೆಲ್ಟ್ ಹೊಸದು’ ಎಂದರೆ ಬಿಲ್ ಕೇಳಿ. ಹೊರಗೆ ಕಾಣೋ ಫ್ಯಾನ್ ಬೆಲ್ಟ್ ಬೇರೆ, ಕವರ್ ಒಳಗಿರೋ ಟೈಮಿಂಗ್ ಬೆಲ್ಟ್ ಬೇರೆ.
* ಹಳೇ ಇನ್ನೋವಾ ಮೀಟರ್‌ನಲ್ಲಿ ಟಿ-ಬೆಲ್ಟ್ ಲೈಟ್ ಇದೆ. ಅದು ಕಿಲೋಮೀಟರ್ ಲೆಕ್ಕದ ಮೇಲೆ ಹತ್ತುತ್ತದೆ, ಬೆಲ್ಟ್ ಸವೆದಿದೆಯೇ ಎಂದು ನೋಡುವುದಿಲ್ಲ. ರೀಸೆಟ್ ಕೂಡ ಮಾಡಬಹುದು. ಲೈಟ್ ಇಲ್ಲ ಅಂದ ಮಾತ್ರಕ್ಕೆ ನಂಬಬೇಡಿ.
* ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಿಸೋ ಖರ್ಚನ್ನೂ ಲೆಕ್ಕ ಹಾಕಿಯೇ ರೇಟ್ ಮಾತಾಡಿ.
* ಬೆಲ್ಟ್ ಜೊತೆ ಟೆನ್ಷನರ್ ಕೂಡ ಹಾಕಿಸಿ. ಅದೇ ಬೆಲ್ಟ್ ವಾಟರ್ ಪಂಪ್ ಓಡಿಸುತ್ತಿದ್ದರೆ ಪಂಪನ್ನೂ ನೋಡಿಸಿ. ಇಲ್ಲವಾದರೆ ಮುಂದೆ ಅದೇ ಕೂಲಿ ಮತ್ತೆ ಕೊಡಬೇಕಾಗುತ್ತದೆ.
* ಚೈನ್ ಗಾಡಿಯಾದರೆ ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಸದ್ದು ಕೇಳಿ.

ದಾರಿಯಲ್ಲಿ ಬೆಲ್ಟ್ ತುಂಡಾಗಿ ಗಾಡಿ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ತಳ್ಳಿ ಸ್ಟಾರ್ಟ್ ಮಾಡೋಕೂ ಹೋಗಬೇಡಿ. ಉಳಿದ ವಾಲ್ವ್‌ಗಳಿಗೂ ಪೆಟ್ಟು ಬೀಳಬಹುದು. ಟೋ ಮಾಡಿಸಿ ಗ್ಯಾರೇಜ್‌ಗೆ ಒಯ್ಯಿರಿ.